ಹೆಸರಲ್ಲಿ ಯೋಜನೆ, ಕೆಲಸವೆಲ್ಲ ಅಂದಾಜು

ಆರ್ಥಿಕತೆ ಮುಂದೆ ಹೇಗಿರುತ್ತದೆ ಎಂದು ಹೇಳುವ ಸಂಶೋಧನಾ ಕೇಂದ್ರಗಳು ಹೇಗೆ ಹುಟ್ಟಿದವು, ಅವುಗಳ ಮಾತಿಗೆ ಅಷ್ಟು ಬೆಲೆ ಬಂದದ್ದು ಹೇಗೆ ಎಂದು ಕೇಳಿದ್ದೀರಿ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವನು. ಈ ಪ್ರಶ್ನೆ ಬಂದಾಗಲೆಲ್ಲ ನೆದರ್ಲೆಂಡ್ಸ್‌ನ ಸಿಪಿಬಿ ಎಂಬ ಸರ್ಕಾರಿ ಆರ್ಥಿಕ ಅಂದಾಜು ಕಚೇರಿಯ ಕಥೆ ಹೇಳುತ್ತೇನೆ.

ಅದು ಶುರುವಾಗುವುದು ಡಚ್ ಅರ್ಥಶಾಸ್ತ್ರಜ್ಞ ಯಾನ್ ಟಿನ್‌ಬರ್ಗನ್ ಅವರಿಂದ. ಲೈಡನ್‌ನಲ್ಲಿ ಭೌತಶಾಸ್ತ್ರ ಓದಿದ್ದವರು. 1930ರ ದಶಕದ ಮಹಾಕುಸಿತದಲ್ಲಿ ಡಚ್ಚರ ತಲೆನೋವು ಒಂದೇ: ಕೆಲಸ ಕಳೆದುಕೊಂಡವರಿಗೆ ಮತ್ತೆ ಕೆಲಸ ಸಿಗಬೇಕಾದರೆ ಅಲ್ಲಿನ ಆಗಿನ ಕರೆನ್ಸಿ ಗಿಲ್ಡರ್‌ನ ಬೆಲೆ ಇಳಿಸಬೇಕೇ, ಕೂಲಿ ಕಡಿತ ಮಾಡಬೇಕೇ, ಸರ್ಕಾರವೇ ಕಾಮಗಾರಿ ಹಿಡಿಯಬೇಕೇ? 1936ರಲ್ಲಿ ಟಿನ್‌ಬರ್ಗನ್ ಇಡೀ ದೇಶದ ವ್ಯವಹಾರವನ್ನು 24 ಸಮೀಕರಣಗಳಿಗೆ ಇಳಿಸಿ, ಒಂದೊಂದು ದಾರಿ ಹಿಡಿದರೂ ಏನಾದೀತು ಎಂದು ಲೆಕ್ಕ ಹಾಕಿದರು. ಕಂಪ್ಯೂಟರ್ ಇಲ್ಲದ ಕಾಲ ಅದು. ಉತ್ತರ ಗಿಲ್ಡರ್ ಇಳಿಸುವ ಕಡೆಗೇ ವಾಲಿತು. ತಮಾಷೆಯೆಂದರೆ, ಅವರು ಪ್ರಬಂಧ ಮಂಡಿಸುವಷ್ಟರಲ್ಲಿ ಸರ್ಕಾರ ಆ ಕೆಲಸ ಮಾಡಿಯೇ ಬಿಟ್ಟಿತ್ತು!

ಯುದ್ಧ ಮುಗಿದ 1945ರಲ್ಲಿ ಸಿಪಿಬಿ ಹುಟ್ಟಿತು, ಟಿನ್‌ಬರ್ಗನ್ ಮೊದಲ ನಿರ್ದೇಶಕರಾದರು. ಪೂರ್ಣ ಹೆಸರು 'ಕೇಂದ್ರ ಯೋಜನಾ ಕಚೇರಿ'. ಆಗಿನ ಮಂತ್ರಿ ಹೈನ್ ವೋಸ್‌ಗೆ ಸರ್ಕಾರ ನಿಜವಾಗಿಯೇ ಯೋಜನೆ ಹಾಕಿ ಆರ್ಥಿಕತೆ ನಡೆಸಬೇಕೆಂಬ ಆಸೆ. ಉಳಿದವರು ಒಪ್ಪಲಿಲ್ಲ. 1947ರ ಕಾಯ್ದೆ ಬರುವ ಹೊತ್ತಿಗೆ ಅದು ಸಲಹೆ ಕೊಡುವ ಕಚೇರಿಯಾಗಿತ್ತು. ಹೆಸರು ಮಾತ್ರ ಹಾಗೇ ಉಳಿಯಿತು. ಅವರು ಪ್ರತಿ ವರ್ಷ ತರುವ 'ಕೇಂದ್ರ ಆರ್ಥಿಕ ಯೋಜನೆ' ಎಂಬ ವರದಿ ತೆರೆದರೆ ಯೋಜನೆ ಎಲ್ಲೂ ಇಲ್ಲ, ಬರೀ ಅಂದಾಜು.

ನನ್ನ ಪ್ರಕಾರ ಈ ಸೋಲೇ ಅದಕ್ಕೆ ವರವಾಯಿತು. ಅಧಿಕಾರ ಇಲ್ಲದವರ ಲೆಕ್ಕವನ್ನು ಎಲ್ಲರೂ ನಂಬಬಹುದು. 1986ರಿಂದ ಅಲ್ಲಿನ ಪಕ್ಷಗಳು ತಮ್ಮ ಪ್ರಣಾಳಿಕೆಯನ್ನು ಚುನಾವಣೆಗೆ ಮುಂಚೆ ತಾವಾಗಿಯೇ ಸಿಪಿಬಿಗೆ ಕೊಡುತ್ತವೆ. ಈ ಭರವಸೆಗೆ ದುಡ್ಡೆಷ್ಟು, ಕೊರತೆ ಎಷ್ಟಾಗುತ್ತದೆ, ಯಾರ ಕಿಸೆಗೆ ಕತ್ತರಿ ಎಂದು ಕಚೇರಿ ಲೆಕ್ಕ ಬಿಚ್ಚಿಡುತ್ತದೆ. ನಮ್ಮಲ್ಲಿ ಗ್ಯಾರಂಟಿಗಳ ಖರ್ಚಿನ ಬಗ್ಗೆ ಟಿವಿಯಲ್ಲಿ ಜಗಳ ನೋಡುವಾಗ ಇದು ನೆನಪಾಗುತ್ತದೆ.

ಹಾಗಂತ ಅವರ ಅಂದಾಜು ತಪ್ಪುವುದೇ ಇಲ್ಲ ಎಂದಲ್ಲ. 2008ರ ಕುಸಿತ ಬರುವುದು ಉಳಿದವರಂತೆ ಅವರಿಗೂ ಕಾಣಲಿಲ್ಲ. ಆದರೂ 2010ರ ಚುನಾವಣೆಗೆ ಪಕ್ಷಗಳು ಪ್ರಣಾಳಿಕೆ ಹಿಡಿದು ಹೋದದ್ದು ಅದೇ ಕಚೇರಿಗೆ.