ಪ್ರತಿಕ್ರಿಯೆ: ಡೆಜ್ ಬ್ರಯಂಟ್ ಹಿಡಿದದ್ದು ಕ್ಯಾಚೇ ಅಲ್ವಾ?

ಚೆಂಡು ಹಿಡಿದು ಮೂರು ಹೆಜ್ಜೆ ಇಟ್ಟ ಮೇಲೂ ಅಮೆರಿಕನ್ ಫುಟ್‌ಬಾಲ್ ಆಟಗಾರ ಡೆಜ್ ಬ್ರಯಂಟ್‌ಗೆ ಕ್ಯಾಚ್ ಯಾಕೆ ಕೊಡಲಿಲ್ಲ ಅಂತ ಕೇಳಿದ್ದೀರಿ. 2015ರ ಜನವರಿಯ ಆ ಪ್ಲೇಆಫ್ (ಸೋತವರು ಹೊರಬೀಳುವ ಸುತ್ತು) ಪಂದ್ಯದಲ್ಲಿ ಡಲ್ಲಾಸ್ ತಂಡದ ಪರ ಆತ ಎಗರಿ ಹಿಡಿದ, ಎದುರಾಳಿ ಗ್ರೀನ್ ಬೇ ತಂಡದ ಗೋಲ್ ಗೆರೆಯ ಹತ್ತಿರ ಕೈ ಚಾಚುತ್ತಾ ಬಿದ್ದ, ನೆಲಕ್ಕೆ ತಾಗಿದಾಗ ಚೆಂಡು ಅಲುಗಾಡಿ ಮೇಲೆ ಚಿಮ್ಮಿತು. ಮೊದಲು ಕ್ಯಾಚ್ ಅಂದರು, ರೀಪ್ಲೇ ನೋಡಿ ತಿರುಗಿಸಿದರು. ಬೀಳುತ್ತಾ ಹಿಡಿದವನು ನೆಲಕ್ಕೆ ಬಿದ್ದು ಮುಗಿಯುವವರೆಗೂ ಚೆಂಡು ಬಿಡಬಾರದು, ಇದು ಆಗಿನ ನಿಯಮ. ಹಾಗಾಗಿ ರೆಫರಿಗಳನ್ನು ಸುಮ್ನೆ ಬೈಯುವುದು ಬೇಡ, ನಿಯಮವೇ ಪೆದ್ದು.

2018ರಲ್ಲಿ ಅದನ್ನು ಕಿತ್ತು ಹಾಕಿದರು. ಈಗ ಚೆಂಡಿನ ಮೇಲೆ ಹಿಡಿತ, ಮೈದಾನದೊಳಗೆ ಎರಡು ಪಾದ, ಆಮೇಲೆ ಮೂರನೇ ಹೆಜ್ಜೆಯೋ ಗೆರೆಯತ್ತ ಕೈ ಚಾಚುವುದೋ ಆದರೆ ಸಾಕು. ಇವತ್ತಾಗಿದ್ದರೆ ಅದು ಕ್ಯಾಚೇ. ಕೊನೆಗೆ ಡಲ್ಲಾಸ್ ಸೋತಿದ್ದು 26-21ರಲ್ಲಿ, ಹೊಟ್ಟೆ ಉರಿಯದೆ ಇರುತ್ತಾ!