ಎಲ್ಲ ಸೋಲೂ ಒಂದೇ ಥರದ್ದಲ್ಲ

ನಮಸ್ಕಾರ.

ದಾವಣಗೆರೆಯಿಂದ ನೀವು ಬರೆದ ಪತ್ರ ತಲುಪಿತು. 2025ರ ನವೆಂಬರಿನಲ್ಲಿ ಗುವಾಹಟಿ ಟೆಸ್ಟ್‌ನಲ್ಲಿ ದಕ್ಷಿಣ ಆಫ್ರಿಕಾ ಎದುರು ನಮ್ಮ ಭಾರತ ಕ್ರಿಕೆಟ್ ತಂಡ 140ಕ್ಕೆ ಆಲೌಟ್ ಆದ ದಿನವೇ ಕೂತು ಬರೆದಿದ್ದೀರಿ. ಉಳಿದ ಓದುಗರಿಗಾಗಿ ಅದರಲ್ಲಿ ಏನಿತ್ತು ಅಂತ ಚುಟುಕಾಗಿ ಹೇಳಿಬಿಡುತ್ತೇನೆ. ವಿಶ್ವ ಮಟ್ಟದ ಒಂದು ಕಪ್ಪಿಗಾಗಿ 2013ರಿಂದ 2024ರವರೆಗೆ ಕಾಯಿಸಿದರು, ಟೆಸ್ಟ್ ಚಾಂಪಿಯನ್‌ಷಿಪ್ ಗೆದ್ದವರಿಗೆ ಕೊಡೋ ಗದೆಯಂತೂ ಇವತ್ತಿನವರೆಗೂ ಕೈಗೆ ಬಂದಿಲ್ಲ. ದೊಡ್ಡ ಪಂದ್ಯ ಬಂದರೆ ಇವರ ಕೈಕಾಲು ನಡುಗುತ್ತೆ. ದುಡ್ಡು ಜಾಸ್ತಿಯಾಗಿ ದೇಶಕ್ಕಿಂತ ಐಪಿಎಲ್ ಮುಖ್ಯವಾಗಿದೆ. ಇನ್ಮೇಲೆ ನಾನು ಟೆಸ್ಟ್ ನೋಡಲ್ಲ, ಮಗನಿಗೂ ನೋಡಬೇಡ ಅಂದಿದ್ದೀನಿ. ಇಷ್ಟು ನಿಮ್ಮ ಮಾತು.

ಸಿಟ್ಟು ಬರಬೇಕಾದದ್ದೇ. ನನಗೂ ಬಂದಿದೆ. ಆದರೆ ಹನ್ನೆರಡು ವರ್ಷದ ಸೋಲುಗಳನ್ನೆಲ್ಲ ನೀವು ಒಟ್ಟಿಗೆ ಸೇರಿಸಿ ಬೈದಿದ್ದೀರಿ. ಹಾಗೆ ಬೈದರೆ ನಿಜವಾಗಿ ಉತ್ತರ ಕೊಡಬೇಕಾದವರು ಸುಲಭವಾಗಿ ತಪ್ಪಿಸಿಕೊಳ್ಳುತ್ತಾರೆ. ನನ್ನ ತಕರಾರು ಇರೋದು ಅಲ್ಲಿ.

ಮೊದಲು ಆ ಹನ್ನೊಂದು ವರ್ಷದ ವಿಷಯ. 2013ರಲ್ಲಿ ಎಜ್‌ಬಾಸ್ಟನ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಐದು ರನ್ನಿನಿಂದ ಚಾಂಪಿಯನ್ಸ್ ಟ್ರೋಫಿ ಗೆದ್ದೆವು. ಆಮೇಲೆ ಬರೀ ಸೋಲು. 2014ರಲ್ಲಿ ಢಾಕಾದಲ್ಲಿ ಟಿ20 ವಿಶ್ವಕಪ್ ಫೈನಲ್, 2015ರಲ್ಲಿ ಸಿಡ್ನಿಯಲ್ಲಿ ವಿಶ್ವಕಪ್ ಸೆಮಿಫೈನಲ್, 2016ರಲ್ಲಿ ಮುಂಬೈನ ವಾಂಖೆಡೆಯಲ್ಲಿ ಟಿ20 ವಿಶ್ವಕಪ್ ಸೆಮಿಫೈನಲ್. ವಾಂಖೆಡೆಯಲ್ಲಿ ವೆಸ್ಟ್ ಇಂಡೀಸ್‌ನ ಲೆಂಡ್ಲ್ ಸಿಮನ್ಸ್ ಎರಡು ಸಲ ಕ್ಯಾಚ್ ಕೊಟ್ಟರು, ಎರಡು ಸಲವೂ ಅದು ನೋ ಬಾಲ್. 2017ರಲ್ಲಿ ಓವಲ್‌ನಲ್ಲಿ ಬೂಮ್ರಾ ಎಸೆತಕ್ಕೆ ಪಾಕಿಸ್ತಾನದ ಫಖರ್ ಜಮಾನ್ ಮೂರು ರನ್ನಿಗೇ ಕ್ಯಾಚಿತ್ತರು, ಅದೂ ನೋ ಬಾಲ್, ಅವರು 114 ಹೊಡೆದು ಹೋದರು. 2019ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ನ್ಯೂಜಿಲೆಂಡ್ ಎದುರು ಐದು ರನ್ನಿಗೆ ಮೂರು ವಿಕೆಟ್ ಹೋಯಿತು. ಆ ದಿನ ಧೋನಿ ರನ್‌ಔಟ್ ಆದ ಗಪ್ಟಿಲ್ ಎಸೆತವನ್ನು ಮರೆತವರು ಯಾರಾದರೂ ಇದ್ದಾರಾ? 2022ರಲ್ಲಿ ಅಡಿಲೇಡ್‌ನಲ್ಲಿ ಇಂಗ್ಲೆಂಡ್ ಒಂದೂ ವಿಕೆಟ್ ಕಳೆದುಕೊಳ್ಳದೆ ಗೆದ್ದಿತು. ಕೊನೆಗೆ 2023ರ ನವೆಂಬರ್ 19, ಅಹಮದಾಬಾದ್, ಏಕದಿನ ವಿಶ್ವಕಪ್ ಫೈನಲ್.

ಆ ಅಹಮದಾಬಾದ್ ಫೈನಲ್ ಬಗ್ಗೆ ನೀವು ಜಾಸ್ತಿ ಬರೆದಿದ್ದೀರಿ, ಆದ್ದರಿಂದ ನಾನೂ ಸ್ವಲ್ಪ ನಿಲ್ಲುತ್ತೇನೆ. ಸತತ ಹತ್ತು ಪಂದ್ಯ ಗೆದ್ದು ಬಂದ ತಂಡ ಅದು. ಅವತ್ತು ಮೊದಲ ಹತ್ತು ಓವರ್ ಆದ ಮೇಲೆ ಉಳಿದ ನಲವತ್ತು ಓವರಿನಲ್ಲಿ ನಾಲ್ಕೇ ನಾಲ್ಕು ಬೌಂಡರಿ ಬಂದವು. ನಮ್ಮ ಕೆ.ಎಲ್. ರಾಹುಲ್ 107 ಎಸೆತಕ್ಕೆ 66 ಮಾಡಿದರು. ಅದಕ್ಕೆ ಅವರನ್ನು ಈಗಲೂ ಬೈಯುವವರಿದ್ದಾರೆ. ಚೆಂಡು ನಿಂತು ನಿಂತು ಬರುತ್ತಿದ್ದ ಪಿಚ್ಚು, ಆ ಕಡೆಯಿಂದ ವಿಕೆಟ್ ಹೋಗ್ತಾ ಇದೆ. ರಾತ್ರಿ ಇಬ್ಬನಿ ಬಿದ್ದ ಮೇಲೆ ಅದೇ ಪಿಚ್ ಸಲೀಸಾಯಿತು, ಆಸ್ಟ್ರೇಲಿಯಾದ ಟ್ರಾವಿಸ್ ಹೆಡ್ 137 ಹೊಡೆದರು. ನಾವು ಇನ್ನಷ್ಟು ಧೈರ್ಯವಾಗಿ ಆಡಬೇಕಿತ್ತು ಅನ್ನೋದನ್ನ ಒಪ್ಪುತ್ತೇನೆ. ಕೈಕಾಲು ನಡುಗಿತು ಅನ್ನೋದನ್ನ ಒಪ್ಪಲ್ಲ.

ಯಾಕೆ ಅಂದರೆ ಏಳೇ ತಿಂಗಳಲ್ಲಿ, 2024ರ ಜೂನ್ 29ರಂದು, ಬ್ರಿಜ್‌ಟೌನ್‌ನ ಟಿ20 ವಿಶ್ವಕಪ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾಗೆ 30 ಎಸೆತಕ್ಕೆ 30 ರನ್ ಬೇಕಿತ್ತು, ಕೈಯಲ್ಲಿ ಆರು ವಿಕೆಟ್ ಇತ್ತು, ಕ್ಲಾಸನ್ ಮನಸ್ಸಿಗೆ ಬಂದ ಹಾಗೆ ಹೊಡೆಯುತ್ತಿದ್ದರು, ಅಂಥ ಸ್ಥಿತಿಯಿಂದ ಪಂದ್ಯ ಎಳೆದು ತಂದವರು ಇದೇ ರೋಹಿತ್, ಇದೇ ಬೂಮ್ರಾ, ಬೌಂಡರಿ ಗೆರೆ ಮೇಲೆ ಮಿಲ್ಲರ್ ಕ್ಯಾಚ್ ಹಿಡಿದ ಇದೇ ಸೂರ್ಯಕುಮಾರ್, ಹೊರಗೆ ಕೂತಿದ್ದ ಕೋಚ್ ಇದೇ ರಾಹುಲ್ ದ್ರಾವಿಡ್. ನವೆಂಬರಿನಲ್ಲಿ ಹೇಡಿಗಳಾಗಿದ್ದವರು ಜೂನಿನಲ್ಲಿ ವೀರರಾದರಾ? 2023ರ ವಿಶ್ವಕಪ್, 2024ರ ಟಿ20 ವಿಶ್ವಕಪ್, 2025ರ ಚಾಂಪಿಯನ್ಸ್ ಟ್ರೋಫಿ, ಈ ಮೂರರಲ್ಲಿ ಆಡಿದ 24 ಪಂದ್ಯಗಳಲ್ಲಿ ನಾವು 23 ಗೆದ್ದಿದ್ದೇವೆ. ಸೋತಿದ್ದು ಒಂದೇ, ಅದು ಫೈನಲ್ ಆಗಿತ್ತು. ನಾಕೌಟ್ ಅಂದರೆ ಹೀಗೇ. ಒಂದು ಸಂಜೆ ಕೈಕೊಟ್ಟರೆ ಎಲ್ಲ ಮುಗೀತು. ಅದಕ್ಕೆ ಅಳಬಹುದು. ಅಪರಾಧಿಗಳನ್ನು ಹುಡುಕಿ ಪ್ರಯೋಜನವಿಲ್ಲ.

ಟೆಸ್ಟ್ ಹಾಗಲ್ಲ. ಅಲ್ಲಿ ಒಂದು ಪಂದ್ಯ ಐದು ದಿನ, ಒಂದು ಚಾಂಪಿಯನ್‌ಷಿಪ್ ಎರಡು ವರ್ಷ. ಎರಡು ವರ್ಷ ಯಾರ ಅದೃಷ್ಟವೂ ಕೆಟ್ಟಿರಲ್ಲ. ಆದ್ದರಿಂದ ಗದೆ ಬರಲಿಲ್ಲ ಅನ್ನೋ ನಿಮ್ಮ ಸಿಟ್ಟಿದೆಯಲ್ಲ, ಅದರ ಜೊತೆ ನಾನು ಪೂರ್ತಿ ಇದ್ದೇನೆ.

ಮೊದಲೆರಡು ಸಲ ಫೈನಲ್‌ಗೆ ಹೋದೆವು. 2021ರಲ್ಲಿ ಸೌತಾಂಪ್ಟನ್‌ನಲ್ಲಿ ನ್ಯೂಜಿಲೆಂಡ್‌ಗೆ ಎಂಟು ವಿಕೆಟ್‌ನಿಂದ ಸೋತೆವು. ಅವರು ಅದಕ್ಕೆ ಮುಂಚೆ ಅದೇ ತಿಂಗಳು ಇಂಗ್ಲೆಂಡ್ ಮೇಲೆ ಎರಡು ಟೆಸ್ಟ್ ಆಡಿ ಬಂದಿದ್ದರು, ನಾವು ನಮ್ಮ ನಮ್ಮಲ್ಲೇ ಒಂದು ಪಂದ್ಯ ಆಡಿಕೊಂಡು ಇಳಿದಿದ್ದೆವು. 2023ರಲ್ಲಿ ಓವಲ್‌ನಲ್ಲಿ ಆಸ್ಟ್ರೇಲಿಯಾಗೆ 209 ರನ್ನಿನಿಂದ ಸೋತೆವು. ಐಪಿಎಲ್ ಫೈನಲ್ ಮಳೆಯಿಂದಾಗಿ ಮೇ 30ರ ನಸುಕಿನಲ್ಲಿ ಮುಗಿದಿತ್ತು, ಜೂನ್ 7ಕ್ಕೆ ಟೆಸ್ಟ್ ಫೈನಲ್ ಶುರು. ನಾಲ್ಕು ಓವರ್ ಹಾಕಿ ರೂಢಿಯಾದ ಬೌಲರ್ ಒಂದು ವಾರದಲ್ಲಿ ದಿನಕ್ಕೆ ಇಪ್ಪತ್ತು ಓವರ್ ಹಾಕಬೇಕು. ಆಗುತ್ತಾ?

ಅದೇ ದಕ್ಷಿಣ ಆಫ್ರಿಕಾವನ್ನು ನೋಡಿ. 1998ರ ನಂತರ 2025ರವರೆಗೆ ಒಂದೂ ಐಸಿಸಿ ಕಪ್ ಇಲ್ಲದಿದ್ದ ದೇಶ. ಅವರ ಅಭಿಮಾನಿಗಳ ಸಂಕಟದ ಮುಂದೆ ನಮ್ಮದು ಏನೂ ಅಲ್ಲ. 2025ರಲ್ಲಿ ಅವರ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್ ಜೂನ್ 11ಕ್ಕೆ ಇತ್ತು, ಐಪಿಎಲ್ ಫೈನಲ್ ಜೂನ್ 3ಕ್ಕೆ ಮುಂದೆ ಹೋಗಿತ್ತು. ಅವರು ತಮ್ಮ ಆಟಗಾರರನ್ನು ಪ್ಲೇಆಫ್‌ಗೆ ಮುಂಚೆಯೇ ವಾಪಸ್ ಕರೆಸಿಕೊಂಡರು. ನಮ್ಮ ಆರ್‌ಸಿಬಿಯಲ್ಲಿದ್ದ ಲುಂಗಿ ಎನ್ಗಿಡಿ ಕೂಡ ಹೊರಟುಹೋದರು. ಹದಿನೆಂಟು ವರ್ಷ ಕಾದ ಕಪ್ ಆರ್‌ಸಿಬಿ ಗೆದ್ದ ರಾತ್ರಿ ಅವರು ಇಲ್ಲಿರಲಿಲ್ಲ. ಲಾರ್ಡ್ಸ್‌ನಲ್ಲಿ ಆಸ್ಟ್ರೇಲಿಯಾ ಎದುರು ಎರಡನೇ ಇನ್ನಿಂಗ್ಸ್‌ನಲ್ಲಿ ಸ್ಟೀವ್ ಸ್ಮಿತ್ ಸೇರಿ ಮೂರು ವಿಕೆಟ್ ತೆಗೆದರು. ಮಾರ್ಕ್ರಮ್ 136, ತೊಡೆ ನೋವಲ್ಲಿ ಕುಂಟುತ್ತಾ ಓಡಿದ ಬವುಮಾ 66, ಗದೆ ಅವರ ಪಾಲಾಯಿತು. ಯಾವುದು ಮುಖ್ಯ ಅಂತ ಒಂದು ಬೋರ್ಡು ಮೊದಲೇ ತೀರ್ಮಾನ ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಮೂರನೇ ಸಲ ನಾವು ಫೈನಲ್‌ಗೂ ಹೋಗಲಿಲ್ಲ. ನಮ್ಮ ಮನೆಯಲ್ಲೇ ನ್ಯೂಜಿಲೆಂಡ್ 3-0 ಹೊಡೆಯಿತು. 2024ರ ಅಕ್ಟೋಬರ್ 17, ಚಿನ್ನಸ್ವಾಮಿ ಕ್ರೀಡಾಂಗಣ, 46ಕ್ಕೆ ಆಲೌಟ್, ಐವರು ಸೊನ್ನೆ. ಮೋಡ ಕವಿದಿದ್ದ ದಿನ ಟಾಸ್ ಗೆದ್ದು ಬ್ಯಾಟಿಂಗ್ ತಗೊಂಡರು. ಅದು ಒಂದು ದಿನದ ತಪ್ಪು ಲೆಕ್ಕ, ಅದನ್ನು ಬಿಟ್ಟುಬಿಡೋಣ. ಆಮೇಲೆ ಪುಣೆಯಲ್ಲಿ ಮಾಡಿದ್ದು ಮಾತ್ರ ಬೇಕೆಂದೇ ಮಾಡಿದ್ದು. ಸರಣಿಯಲ್ಲಿ ಹಿಂದೆ ಬಿದ್ದೆವು ಅಂತ ಸ್ಪಿನ್ ಪಿಚ್ ಮಾಡಿಸಿದರು. ಮಿಚೆಲ್ ಸ್ಯಾಂಟ್ನರ್ ಅದುವರೆಗೆ ಟೆಸ್ಟ್‌ನಲ್ಲಿ ಒಂದು ಸಲವೂ ಐದು ವಿಕೆಟ್ ತೆಗೆದವರಲ್ಲ. ಪುಣೆಯಲ್ಲಿ ಹದಿಮೂರು ತೆಗೆದರು. ಹನ್ನೆರಡು ವರ್ಷ, ಸತತ ಹದಿನೆಂಟು ಸರಣಿ ಮನೆಯಲ್ಲಿ ಸೋಲದ ದಾಖಲೆ ಅಲ್ಲಿಗೆ ಮುಗಿಯಿತು. ಮುಂಬೈನಲ್ಲಿ 147 ಬೇಕಿತ್ತು, 121ಕ್ಕೆ ಮುಗಿದೆವು.

ಅಷ್ಟಾದರೂ ಬುದ್ಧಿ ಬರಲಿಲ್ಲ. 2025ರ ನವೆಂಬರಿನಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಮತ್ತೆ ಅಂಥದ್ದೇ ಪಿಚ್. 124 ಬೆನ್ನಟ್ಟಿ 93ಕ್ಕೆ ಆಲೌಟ್, ದಕ್ಷಿಣ ಆಫ್ರಿಕಾದ ಸ್ಪಿನ್ನರ್ ಸೈಮನ್ ಹಾರ್ಮರ್‌ಗೆ ಎಂಟು ವಿಕೆಟ್. ಪಂದ್ಯ ಆದ ಮೇಲೆ ಕೋಚ್ ಗೌತಮ್ ಗಂಭೀರ್, ಇದು ನಾವೇ ಕೇಳಿ ಮಾಡಿಸಿಕೊಂಡ ಪಿಚ್ ಅಂದರು. ಹಾಗಾದರೆ ಯಾಕೆ ಕೇಳಿದಿರಿ ಅಂತ ದೇಶ ಅವರನ್ನು ಕೇಳಬೇಕು ಅಲ್ವಾ? ಒಳ್ಳೆ ಪಿಚ್ಚಿನಲ್ಲಿ ನಾಲ್ಕನೇ ದಿನ ಚೆಂಡು ತಿರುಗಲು ಶುರುವಾದಾಗ ಜಡೇಜಾಗೂ ಹೊರಗಿನಿಂದ ಬಂದ ಸ್ಪಿನ್ನರ್‌ಗೂ ಇರೋ ಅಂತರ ಎದ್ದು ಕಾಣುತ್ತೆ. ಮೊದಲ ದಿನವೇ ಒಂದು ಚೆಂಡು ತಿರುಗಿ ಇನ್ನೊಂದು ನೇರ ಹೋಗೋ ಪಿಚ್ಚಿನಲ್ಲಿ ಆ ಅಂತರ ಅಳಿಸಿ ಹೋಗುತ್ತೆ. ಅಲ್ಲಿ ಸರಿಯಾದ ಜಾಗಕ್ಕೆ ಹಾಕಿದರೆ ಸಾಕು, ಯಾರಿಗಾದರೂ ವಿಕೆಟ್ ಬೀಳುತ್ತೆ. ನಮ್ಮ ಶಕ್ತಿಯನ್ನು ನಾವೇ ಅಳಿಸಿಕೊಂಡೆವು.

ಬೆಂಗಳೂರಿನ ಹಳಬರಿಗೆ ಇದು ಹೊಸದಲ್ಲ. 1987ರ ಮಾರ್ಚ್, ಇದೇ ಚಿನ್ನಸ್ವಾಮಿ, ಪಾಕಿಸ್ತಾನ ಎದುರು. ಮೊದಲ ದಿನವೇ ಚೆಂಡು ಬುಗುರಿ ಥರ ತಿರುಗುತ್ತಿತ್ತು. ಮಣಿಂದರ್ ಸಿಂಗ್ 27 ರನ್ನಿಗೆ ಏಳು ವಿಕೆಟ್ ತೆಗೆದು ಅವರನ್ನು 116ಕ್ಕೆ ಉರುಳಿಸಿದಾಗ ಪಂದ್ಯ ನಮ್ಮದೇ ಅಂದುಕೊಂಡರು. ಇಕ್ಬಾಲ್ ಖಾಸಿಂ, ತೌಸೀಫ್ ಅಹ್ಮದ್ ಇಬ್ಬರೇ ನಮ್ಮ ಹದಿನೆಂಟು ವಿಕೆಟ್ ಹಂಚಿಕೊಂಡರು. ಸುನಿಲ್ ಗಾವಸ್ಕರ್ ತಮ್ಮ ಕಟ್ಟಕಡೆಯ ಟೆಸ್ಟ್ ಇನ್ನಿಂಗ್ಸ್‌ನಲ್ಲಿ 96 ಮಾಡಿದರು. ಅಂಥ ಪಿಚ್ಚಿನಲ್ಲಿ ಅದಕ್ಕಿಂತ ದೊಡ್ಡ ಬ್ಯಾಟಿಂಗ್ ನಮ್ಮ ದೇಶದಲ್ಲಿ ಯಾರೂ ಆಡಿಲ್ಲ ಅಂತ ನನ್ನ ಅಭಿಪ್ರಾಯ. ಆದರೂ 16 ರನ್ನಿನಿಂದ ಸೋತೆವು, ಸರಣಿಯೂ ಹೋಯಿತು.

ಗಾವಸ್ಕರ್‌ಗೆ ಆ ಆಟ ಎಲ್ಲಿಂದ ಬಂತು? ಪ್ರಸನ್ನ, ಚಂದ್ರಶೇಖರ್, ಬೇಡಿಯಂಥವರನ್ನು ರಣಜಿಯಲ್ಲಿ ಎದುರಿಸಿ ಎದುರಿಸಿ ಬಂತು. ಇವತ್ತಿನ ಹುಡುಗರಿಗೆ ಆ ಅವಕಾಶವೇ ಇಲ್ಲ. ಕ್ಯಾಲೆಂಡರ್‌ನಲ್ಲಿ ರಣಜಿಗೆ ಜಾಗ ಉಳಿದಿದ್ದರೆ ತಾನೇ ಆಡೋದು? ಆದ್ದರಿಂದಲೇ ಗುವಾಹಟಿಯ ಸೋಲು ನನ್ನನ್ನು ಈಡನ್‌ಗಿಂತ ಜಾಸ್ತಿ ಕಾಡುತ್ತಿದೆ. ಅಲ್ಲಿ ಪಿಚ್ ಚೆನ್ನಾಗಿತ್ತು, ದಕ್ಷಿಣ ಆಫ್ರಿಕಾ 489 ಹೊಡೆಯಿತು. ನಾವು 201 ಮತ್ತು 140. 408 ರನ್ನಿನ ಸೋಲು, ನಮ್ಮ ಟೆಸ್ಟ್ ಇತಿಹಾಸದಲ್ಲೇ ರನ್ ಲೆಕ್ಕದಲ್ಲಿ ಅತಿ ದೊಡ್ಡದು. ಕೆಟ್ಟ ಪಿಚ್‌ಗಳಲ್ಲಿ ಆಡಿ ಆಡಿ ನಮ್ಮ ಬ್ಯಾಟರ್‌ಗಳು ಸ್ಪಿನ್ ಎದುರು ನಂಬಿಕೆಯನ್ನೇ ಕಳೆದುಕೊಂಡಿದ್ದಾರೆ.

ಬ್ಯಾಟಿಂಗ್ ಸಾಲಿನ ಮೂರನೇ ನಂಬರ್ ನೋಡಿ. ದ್ರಾವಿಡ್, ಅವರ ನಂತರ ಪೂಜಾರ. 2018-19ರಲ್ಲಿ ಆಸ್ಟ್ರೇಲಿಯಾದಲ್ಲಿ ನಾವು ಮೊದಲ ಸಲ ಸರಣಿ ಗೆದ್ದಾಗ ಪೂಜಾರ 1258 ಎಸೆತ ಆಡಿ 521 ರನ್ ಮಾಡಿದ್ದರು. 2025ರ ಜೂನಿನಿಂದ ಈಚೆಗೆ ಆ ಜಾಗದಲ್ಲಿ ಸಾಯಿ ಸುದರ್ಶನ್, ಕರುಣ್ ನಾಯರ್, ವಾಷಿಂಗ್ಟನ್ ಸುಂದರ್ ಬಂದು ಹೋಗಿದ್ದಾರೆ. ಯಾರಿಗೂ ನಿಲ್ಲೋಕೆ ಟೈಮ್ ಕೊಟ್ಟಿಲ್ಲ.

ದುಡ್ಡಿನ ಮಾತಿಗೆ ಬರುತ್ತೇನೆ. ಆಟಗಾರರಿಗೆ ದೇಶ ಬೇಡವಾಗಿದೆ ಅಂದಿದ್ದೀರಲ್ಲ, ಅದು ಅನ್ಯಾಯದ ಮಾತು. ಆಸ್ಟ್ರೇಲಿಯಾದಲ್ಲಿ ಬೆನ್ನು ಕೈಕೊಡುವವರೆಗೂ ಬೌಲಿಂಗ್ ಮಾಡಿ 32 ವಿಕೆಟ್ ತೆಗೆದ ಬೂಮ್ರಾ, ಮ್ಯಾಂಚೆಸ್ಟರ್‌ನಲ್ಲಿ ಕಾಲಿನ ಮೂಳೆ ಮುರಿದ ಮೇಲೂ ಕುಂಟಿಕೊಂಡು ಬ್ಯಾಟಿಂಗ್‌ಗೆ ಇಳಿದ ಪಂತ್, ಇವರಿಗೂ ಐಪಿಎಲ್ ದುಡ್ಡು ಬರುತ್ತೆ. ದುಡ್ಡು ಅವರನ್ನು ಕೆಡಿಸಿಲ್ಲ. ಕೆಡಿಸಿರೋದು ಕ್ಯಾಲೆಂಡರ್. ಅದನ್ನು ಬರೆಯೋರು ಆಟಗಾರರಲ್ಲ, ಬೋರ್ಡು.

ಇನ್ನೊಂದು ವಿಷಯ ಹೇಳದೆ ಇರೋಕಾಗಲ್ಲ. ನೀವು ಪತ್ರ ಬರೆದ ಅದೇ ನವೆಂಬರಿನ 2ನೇ ತಾರೀಕು ನವಿ ಮುಂಬೈನಲ್ಲಿ ಹರ್ಮನ್‌ಪ್ರೀತ್ ಕೌರ್ ಅವರ ಮಹಿಳಾ ತಂಡ ಏಕದಿನ ವಿಶ್ವಕಪ್ ಗೆದ್ದಿತು. ನಿಮ್ಮ ಪತ್ರದಲ್ಲಿ ಅದರ ಪ್ರಸ್ತಾಪವೇ ಇಲ್ಲ, ನನಗೆ ಬೇಜಾರಾಯಿತು. ಕಾಯುವುದು ಅಂದರೆ ಏನು ಅಂತ ಅವರನ್ನು ಕೇಳಬೇಕು. 2005ರಲ್ಲಿ ಫೈನಲ್ ಸೋತರು. 2017ರಲ್ಲಿ ಲಾರ್ಡ್ಸ್‌ನಲ್ಲಿ ಮೂರು ವಿಕೆಟ್‌ಗೆ 191 ಇದ್ದದ್ದು 219ಕ್ಕೆ ಮುಗಿದು ಒಂಬತ್ತು ರನ್ನಿನಿಂದ ಸೋತರು. ಕಡೂರಿನ ವೇದಾ ಕೃಷ್ಣಮೂರ್ತಿ, ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ ಆ ತಂಡದಲ್ಲಿದ್ದರು. ಈ ಸಲವೂ ಲೀಗ್‌ನಲ್ಲಿ ಸಾಲಾಗಿ ಮೂರು ಪಂದ್ಯ ಸೋತು, ಆಮೇಲೆ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ 339 ಬೆನ್ನಟ್ಟಿ ಗೆದ್ದರು. ಜೆಮಿಮಾ ಔಟಾಗದೆ 127. ಅದು ರಾಷ್ಟ್ರೀಯ ತಂಡ ಅಲ್ವಾ? ಅದು ದೊಡ್ಡ ಕಪ್ ಅಲ್ವಾ?

ಮಗನ ವಿಷಯ. ದಯವಿಟ್ಟು ನೋಡಬೇಡ ಅನ್ನಬೇಡಿ. 2025ರ ಆಗಸ್ಟ್ 4ರ ಬೆಳಿಗ್ಗೆ ಓವಲ್‌ನಲ್ಲಿ ಇಂಗ್ಲೆಂಡ್‌ಗೆ 35 ರನ್ ಬೇಕಿತ್ತು, ನಮಗೆ ನಾಲ್ಕು ವಿಕೆಟ್. ಸಿರಾಜ್ ಹಿಂದಿನ ದಿನ ಬ್ರೂಕ್ ಕ್ಯಾಚ್ ಹಿಡಿದು ಹಗ್ಗ ತುಳಿದಿದ್ದರು, ಬ್ರೂಕ್ ಶತಕ ಹೊಡೆದಿದ್ದರು. ಐದೂ ಟೆಸ್ಟ್ ಆಡಿ ದಣಿದಿದ್ದ ಆ ಮನುಷ್ಯ ಅವತ್ತು ಓಡಿ ಬಂದ ರೀತಿ ನೋಡಬೇಕಿತ್ತು. ಇನ್ನೊಂದು ಕಡೆಯಿಂದ ನಮ್ಮ ಪ್ರಸಿದ್ಧ್ ಕೃಷ್ಣ. ಒಂದು ಕೈಯನ್ನು ಸ್ವೆಟರ್ ಒಳಗೆ ಕಟ್ಟಿಕೊಂಡು ವೋಕ್ಸ್ ಇಳಿದು ಬಂದರು. ಸಿರಾಜ್ ಯಾರ್ಕರ್‌ಗೆ ಆಟ್ಕಿನ್ಸನ್ ಸ್ಟಂಪ್ ಹಾರಿತು, ಆರು ರನ್ನಿನ ಗೆಲುವು. ಆ ಸರಣಿ 2-2, ಕಪ್ ಯಾರ ಮನೆಗೂ ಹೋಗಲಿಲ್ಲ. ಆದರೂ ಆ ಬೆಳಿಗ್ಗೆಯನ್ನು ಒಬ್ಬ ಹುಡುಗನಿಂದ ಕಿತ್ತುಕೊಳ್ಳೋದು ಬೇಡ.

2027ರ ಶುರುವಿನಲ್ಲಿ ಆಸ್ಟ್ರೇಲಿಯಾ ಇಲ್ಲಿಗೆ ಐದು ಟೆಸ್ಟ್ ಆಡಲು ಬರುತ್ತೆ, ಅದೇ ವರ್ಷ ಇಂಗ್ಲೆಂಡ್‌ನಲ್ಲಿ ಗದೆಯ ಫೈನಲ್. ಆ ಐದು ಪಂದ್ಯಕ್ಕೆ ಎಂಥ ಪಿಚ್ ಕೇಳುತ್ತೀರಿ, ಅದಕ್ಕೆ ಮುಂಚೆ ಮುಖ್ಯ ಬ್ಯಾಟರ್‌ಗಳು ಎಷ್ಟು ರಣಜಿ ಪಂದ್ಯ ಆಡುತ್ತಾರೆ, ಈ ಎರಡು ಪ್ರಶ್ನೆಗಳನ್ನು ನಾವು ಬಿಡದೆ ಕೇಳುತ್ತೇವೆ. ನಿಮ್ಮ ಸಿಟ್ಟನ್ನೂ ಆ ಕಡೆಗೆ ತಿರುಗಿಸಿ. ಇನ್ನು, ಶಿವಮೊಗ್ಗ ನಿಮಗೆ ಹತ್ತಿರವೇ ತಾನೇ? ಅಲ್ಲಿ ನವುಲೆ ಮೈದಾನದಲ್ಲಿ 2025ರ ಅಕ್ಟೋಬರಿನಲ್ಲಿ ಗೋವಾ ವಿರುದ್ಧ ಕರುಣ್ ನಾಯರ್ ಔಟಾಗದೆ 174 ಹೊಡೆದರು. ಮುಂದಿನ ಸಲ ಕರ್ನಾಟಕದ ಪಂದ್ಯ ಅಲ್ಲಿಗೆ ಬಂದಾಗ ಮಗನನ್ನು ಕರೆದುಕೊಂಡು ಹೋಗಿ. ಹೇಗಿತ್ತು ಅಂತ ಬರೆಯಿರಿ, ಪ್ರಕಟಿಸುತ್ತೇವೆ.

— ಸಂಪಾದಕ