ರಾತ್ರಿ ಮಾಂಟಾ ರೇಗಳ ನಡುವೆ ಸ್ನಾರ್ಕೆಲಿಂಗ್ ಮಾಡುವುದು ಅಪಾಯವೇ?

ಹವಾಯಿಯ ಕೋನಾ ಕರಾವಳಿಯಲ್ಲಿ ರಾತ್ರಿ ಮಾಂಟಾ ರೇ ಎಂಬ ಚಪ್ಪಟೆ ಮೈಯ ದೊಡ್ಡ ಮೀನುಗಳನ್ನು ನೋಡಲು, ಮುಖವಾಡ ಮತ್ತು ಉಸಿರುಕೊಳವೆ (ಸ್ನಾರ್ಕೆಲ್) ಧರಿಸಿ ನೀರಿಗಿಳಿಯಬಹುದೇ ಎಂದು ಕೇಳಿದ್ದೀರಿ. ಧೈರ್ಯವಾಗಿ ಇಳಿಯಿರಿ. ಮಾಂಟಾಗಳ ಬಾಲದಲ್ಲಿ ಚುಚ್ಚುವ ವಿಷದ ಮುಳ್ಳಿಲ್ಲ. ಆ ಹೆದರಿಕೆ ಬಂದಿರುವುದು ಅವುಗಳ ಸಂಬಂಧಿಯಾದ ಸ್ಟಿಂಗ್‌ರೇಯಿಂದ.

ದೀಪ ಅಳವಡಿಸಿದ ತೇಲುವ ಹಲಗೆಯನ್ನು ಹಿಡಿದು ನೀವು ನೀರಿನ ಮೇಲೆ ಕವುಚಿ ಮಲಗುತ್ತೀರಿ. ಬೆಳಕಿಗೆ ಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಪುಟ್ಟ ಜೀವಿಗಳು) ಮುತ್ತುತ್ತದೆ, ಅದನ್ನು ತಿನ್ನಲು ಮಾಂಟಾ ಬರುತ್ತದೆ. ಸುಮಾರು 3 ಮೀಟರ್ ಅಗಲದ ಜೀವಿಯೊಂದು ಬಾಯಿ ತೆರೆದು, ಬೆಳಕಿನಲ್ಲಿ ಮತ್ತೆ ಮತ್ತೆ ಲಾಗ ಹಾಕುತ್ತಾ ನಿಮ್ಮ ಎದೆಯಿಂದ ಗೇಣು ದೂರದಲ್ಲಿ ಹಾದುಹೋಗಬಹುದು. ಅದರ ಬಾಯಿಯೊಳಗಿನ ಕಿವಿರುಗಳ ಸಾಲು ಕೂಡ ಕಾಣುತ್ತದೆ! ಹೊಟ್ಟೆಯ ಮೇಲಿನ ಚುಕ್ಕೆಗಳನ್ನು ಗಮನಿಸಿ. ಬೆರಳಚ್ಚಿನಂತೆ ಒಂದರದ್ದು ಇನ್ನೊಂದಕ್ಕಿಲ್ಲ. ಅಲ್ಲಿನವರು ಅದರಿಂದಲೇ ಮಾಂಟಾಗಳನ್ನು ಗುರುತಿಸಿ ಹೆಸರಿಟ್ಟಿದ್ದಾರೆ.

ಎಷ್ಟೇ ಹತ್ತಿರ ಬಂದರೂ ದಯವಿಟ್ಟು ಮುಟ್ಟಬೇಡಿ. ಚರ್ಮದ ಮೇಲಿನ ಲೋಳೆಯ ಪದರವೇ ಸೋಂಕಿನಿಂದ ಅವುಗಳಿಗಿರುವ ರಕ್ಷಣೆ. ಕಾಲುಗಳನ್ನೂ ಕೆಳಗೆ ಇಳಿಬಿಡಬೇಡಿ.

ನಿಜವಾಗಿ ಎಚ್ಚರ ಬೇಕಾದದ್ದು ಅಲೆ ಮತ್ತು ಚಳಿಯ ಬಗ್ಗೆ. ಅಲುಗಾಡದೆ ತೇಲುವಾಗ ಮೈ ಬೇಗ ತಣ್ಣಗಾಗುತ್ತದೆ, ಮೈ ಬೆಚ್ಚಗಿಡುವ ಈಜುಡುಪಾದ ವೆಟ್‌ಸೂಟ್ ಹಾಕಿಕೊಳ್ಳಿ. ಈಜು ಅಷ್ಟಾಗಿ ಬಾರದಿದ್ದರೆ ಮಾರ್ಗದರ್ಶಿಗೆ ಮೊದಲೇ ತಿಳಿಸಿ. ಮಾಂಟಾಗಳು ಸ್ವತಂತ್ರ ಜೀವಿಗಳು. ಕೆಲವು ರಾತ್ರಿ ಬರುವುದೇ ಇಲ್ಲ. ಸಾಧ್ಯವಾದರೆ ಪ್ರವಾಸದ ಮೊದಲ ದಿನಗಳಲ್ಲೇ ಹೋಗಿ, ಇನ್ನೊಂದು ರಾತ್ರಿಗೆ ಅವಕಾಶವಿರುತ್ತದೆ.